ಕೈಸನ್ನೆಗಳ ವ್ಯಾಕರಣ

ಪಾಶ್ಚಾತ್ಯ ವಾದ್ಯವೃಂದದ ಮುಂದೆ ನಿಂತು ಕೈಯಾಡಿಸುವ ನಿರ್ದೇಶಕನನ್ನು ನೀವು ಕಂಡಿರಬಹುದು. ಆತನ ಕೈ ಲಯವನ್ನೂ ನಾದದ ಏರಿಳಿತವನ್ನೂ ಸೂಚಿಸುತ್ತದೆ. ನುಡಿಸಬೇಕಾದ ಸ್ವರಗಳಾದರೋ ಮೊದಲೇ ಬರೆದಿಟ್ಟ ಸ್ವರಲಿಪಿಯಲ್ಲಿರುತ್ತವೆ. ಸ್ವರಲಿಪಿಯೇ ಇಲ್ಲದೆ, ಕೃತಿಯು ವೇದಿಕೆಯ ಮೇಲೆಯೇ ಹುಟ್ಟಬೇಕಾದರೆ ನಿರ್ದೇಶಕನು ಏನು ಮಾಡಬೇಕು?

ಈ ಸಮಸ್ಯೆ 1974ರಲ್ಲಿ ಅಮೆರಿಕದ ವುಡ್‌ಸ್ಟಾಕ್‌ನಲ್ಲಿ ವಾಲ್ಟರ್ ಥಾಂಪ್ಸನ್ ಎಂಬ ಸಂಗೀತಗಾರರಿಗೆ ಎದುರಾಯಿತು. ಕಚೇರಿಯಲ್ಲಿ ಒಬ್ಬನು ಏಕವಾದನ ಮಾಡುತ್ತಿದ್ದಾಗ, ಟ್ರಂಪೆಟ್ ವಾದಕನೊಬ್ಬನು ಹಿನ್ನೆಲೆಯನ್ನು ಒದಗಿಸಲೆಂದು ಅವರು ಬಯಸಿದರು. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಕೈಸನ್ನೆ ಮಾಡಿದರು. ಯಾರೂ ನುಡಿಸಲಿಲ್ಲ! ಮುಂದಿನ ಅಭ್ಯಾಸದ ವೇಳೆ ವಾದಕರು ಆ ಸನ್ನೆಗಳ ಅರ್ಥವನ್ನು ಕೇಳಿ ತಿಳಿದು, ಅವುಗಳನ್ನು ಬೆಳೆಸುವಂತೆ ಪ್ರೋತ್ಸಾಹಿಸಿದರು. ಹೀಗೆ ಬೆಳೆದ ಸನ್ನೆಭಾಷೆಯೇ ‘ಸೌಂಡ್‌ಪೇಂಟಿಂಗ್’, ಎಂದರೆ ನಾದಚಿತ್ರಣ. ಇಂದು ಅದರಲ್ಲಿ 1,500ಕ್ಕೂ ಹೆಚ್ಚು ಸನ್ನೆಗಳಿವೆ. ವಾದಕರಲ್ಲದೆ ನರ್ತಕರೂ ನಟರೂ ಚಿತ್ರಕಾರರೂ ಅದನ್ನು ಬಳಸುತ್ತಾರೆ.

ಸನ್ನೆಗಳ ರಾಶಿ ಮಾತ್ರವೇ ಭಾಷೆಯಾಗದು. ಅದಕ್ಕೆ ವಾಕ್ಯರಚನೆಯ ನಿಯಮ ಬೇಕು. ಇಲ್ಲಿ ಆ ನಿಯಮದ ಕ್ರಮ ಹೀಗಿದೆ: ಯಾರು, ಏನು, ಹೇಗೆ, ಯಾವಾಗ. ನಿರ್ದೇಶಕನು ತೋಳುಗಳನ್ನು ತಲೆಯ ಮೇಲೆ ವೃತ್ತಾಕಾರವಾಗಿ ಬಾಗಿಸಿದರೆ ‘ಇಡೀ ತಂಡ’ ಎಂದರ್ಥ. ಎರಡೂ ಕೈಗಳ ಬೆರಳುಗಳನ್ನು ಕೂಡಿಸಿ, ದಾರವನ್ನೆಳೆದಂತೆ ಅಗಲಿಸಿದರೆ ‘ದೀರ್ಘಸ್ವರ’. ಬಳಿಕ ನಾದವು ಮೆಲ್ಲಗಿರಬೇಕೋ ಜೋರಾಗಿರಬೇಕೋ ಎಂಬ ಸೂಚನೆ. ಇಷ್ಟಾದರೂ ಯಾರೂ ನುಡಿಸಕೂಡದು. ನಿರ್ದೇಶಕನ ಮುಂದೆ ನೆಲದ ಮೇಲೆ ಕಲ್ಪಿತ ಚೌಕವೊಂದಿದೆ; ಆತನು ಅದರೊಳಗೆ ಹೆಜ್ಜೆಯಿಟ್ಟು ಆರಂಭದ ಸನ್ನೆ ಮಾಡಿದೊಡನೆ ನಾದವು ಹೊಮ್ಮುತ್ತದೆ.

ಕಲಿಯುವವನು ಮೊದಲು ಕೆಲವೇ ಸನ್ನೆಗಳನ್ನು ಹಿಡಿದು, ಅವುಗಳಿಂದ ವಾಕ್ಯ ಕಟ್ಟುವುದನ್ನು ಅಭ್ಯಸಿಸುತ್ತಾನೆ. ಸನ್ನೆಯ ಆಕಾರ ಅಸ್ಪಷ್ಟವಾದರೆ ಅರ್ಥವೂ ಕೆಡುತ್ತದೆ. ಆದರೆ ವಾದಕನು ತಪ್ಪಾಗಿ ಗ್ರಹಿಸಿ ಬೇರೇನನ್ನೋ ನುಡಿಸಿದರೆ ನಿಲ್ಲಿಸುವಂತಿಲ್ಲ, ಆತನು ಮುಂದುವರಿಸಬೇಕು. ಆ ನಾದವನ್ನೇ ಹಿಡಿದು ಕೃತಿಯನ್ನು ಬೆಳೆಸುವುದು ನಿರ್ದೇಶಕನ ಹೊಣೆ.

ಇನ್ನೊಂದು ಮುಖ್ಯಾಂಶವುಂಟು. ‘ದೀರ್ಘಸ್ವರ’ವೆಂಬ ಸನ್ನೆ ಯಾವ ಸ್ವರವೆಂದು ಹೇಳುವುದಿಲ್ಲ, ಅದರ ಆಯ್ಕೆ ವಾದಕನದು. ಹತ್ತು ಮಂದಿ ಹತ್ತು ಸ್ವರಗಳನ್ನು ಹಿಡಿಯಬಹುದು. ಅವು ಕೂಡಿ ಯಾವ ನಾದ ಮೂಡುವುದೆಂದು ನಿರ್ದೇಶಕನಿಗೂ ಮೊದಲೇ ತಿಳಿಯದು. ಅದನ್ನು ಕೇಳಿದ ಮೇಲೆಯೇ ಆತನು ಮುಂದಿನ ವಾಕ್ಯವನ್ನು ಕಟ್ಟುತ್ತಾನೆ. ಆದುದರಿಂದ ಇದು ಬರಿಯ ಆಜ್ಞೆಯಲ್ಲ, ಸಂಭಾಷಣೆ. ಅಂದು ವುಡ್‌ಸ್ಟಾಕ್‌ನಲ್ಲಿ ಕೊರತೆಯಾದುದು ಕೌಶಲವಲ್ಲ, ಇಬ್ಬರಿಗೂ ಸಮಾನವಾದ ಅರ್ಥ. ಅದು ದೊರೆತೊಡನೆ ಸನ್ನೆಯು ಭಾಷೆಯಾಯಿತು.