ಮಲ್ಟಿಟೂಲ್: ಕರೀದೋ, ಬಿಳಿ ಸ್ಟೀಲಿನದೋ?

“ಕರೀದು ಗಟ್ಟಿರಿ, ಜಂಗ್ ಹಿಡಿಯಂಗಿಲ್ಲ.” ಮಲ್ಟಿಟೂಲ್ ಕೊಳ್ಳಲು ಹೋದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಇಂಥ ಮಾತು ಕಿವಿಗೆ ಬೀಳುತ್ತದೆ. ಪಕ್ಕಡ, ಚಾಕು, ಸ್ಕ್ರೂಡ್ರೈವರ್ ಎಲ್ಲವೂ ಒಂದೇ ಹಿಡಿಕೆಯೊಳಗೆ ಮಡಚಿಕೊಳ್ಳುವ ಈ ಸಾಧನ ಪಂಪ್‌ಸೆಟ್, ಡ್ರಿಪ್ ಪೈಪು, ಬೈಕು ಇರುವ ಮನೆಗೆಲ್ಲ ಬೇಕಾಗುವಂಥದು. ಒಂದೇ ಮಾದರಿ ಎರಡೂ ಬಣ್ಣದಲ್ಲಿ ಸಿಕ್ಕಾಗ ಕರಿಯದಕ್ಕೆ ಸಾಮಾನ್ಯವಾಗಿ ಬೆಲೆ ತುಸು ಹೆಚ್ಚು. ಆ ಹೆಚ್ಚಿನ ದುಡ್ಡಿಗೆ ಏನು ಬರುತ್ತದೆ ಎಂದು ತಿಳಿದೇ ಕೊಡಬೇಕು.

ಕುಲುಮೆಯಲ್ಲಿ ಕಾದ ಕುಡುಗೋಲು ಕರ್ರಗಾಗುವುದನ್ನು ನೋಡಿರುತ್ತೀರಿ. ಅದು ಕಬ್ಬಿಣದ ಕರಿ ಆಕ್ಸೈಡ್. ಕಾರ್ಖಾನೆಯಲ್ಲಿ ಉಕ್ಕನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಕ್ಷಾರ ದ್ರಾವಣದಲ್ಲಿ ಅದ್ದಿ ಅಂಥದೇ ಪದರ ಬರಿಸುತ್ತಾರೆ. ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ತಲೆಗೂದಲು ಅದರ ಹತ್ತಾರು ಪಟ್ಟು ದಪ್ಪ. ಜಂಗನ್ನು ತಡೆಯುವುದು ಮುಖ್ಯವಾಗಿ ಈ ಪದರವಲ್ಲ, ಅದು ಹೀರಿಕೊಂಡ ಎಣ್ಣೆ. ಎಣ್ಣೆ ಆರಿತೋ, ರಕ್ಷಣೆಯೂ ಹೋಯಿತು. ದುಬಾರಿ ಮಾದರಿಗಳಲ್ಲಿ ನಿರ್ವಾತ ಕೋಣೆಯೊಳಗೆ ಕೂರಿಸುವ ಲೇಪ ಇರುತ್ತದೆ. ಉಕ್ಕಿಗಿಂತ ಗಡಸು, ಬಹುಕಾಲ ಬಾಳುತ್ತದೆ. ಅಗ್ಗದವಕ್ಕೆ ಬರೀ ಬಣ್ಣ ಬಳಿದಿರುತ್ತಾರೆ, ಅದು ಹಕ್ಕಳೆಯಾಗಿ ಏಳುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನ ಗುಟ್ಟು ಬೇರೆ. ಅದರಲ್ಲಿ ಕನಿಷ್ಠ ಶೇಕಡಾ 10.5 ಕ್ರೋಮಿಯಂ ಇರುತ್ತದೆ. ಗಾಳಿ ತಾಗಿದೊಡನೆ ಮೇಲೆ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀಚಿದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಕರಿ ಲೇಪ ಹಾಗಲ್ಲ, ಹೋದದ್ದು ಹೋಯಿತು. ಅದೂ ಮೊದಲು ಸವೆಯುವುದು ಪಕ್ಕಡದ ಹಲ್ಲು, ಕೀಲು, ಚಾಕುವಿನ ಅಂಚಿನಲ್ಲಿ. ಸಾಣೆ ಹಿಡಿದ ದಿನವೇ ಅಂಚು ಬೆಳ್ಳಗಾಗುತ್ತದೆ. ಕರಿಯ ಕೆಳಗೆ ಸ್ಟೇನ್‌ಲೆಸ್ ಇದ್ದರೆ ಸವೆತದಿಂದ ಚೆಂದ ಮಾತ್ರ ಕೆಡುತ್ತದೆ. ಸಾದಾ ಉಕ್ಕಿದ್ದರೆ ಗೀರಿನಿಂದಲೇ ಜಂಗು ಶುರು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದಲ್ಲ: ಒಳಗಿನ ಉಕ್ಕು ಯಾವುದು?

ಮ್ಯಾಗ್ನೆಟ್ ಹಿಡಿದು ಪರೀಕ್ಷಿಸುವವರಿದ್ದಾರೆ. ಅಡುಗೆಮನೆಯ 304 ದರ್ಜೆಯ ಪಾತ್ರೆಗೆ ಮ್ಯಾಗ್ನೆಟ್ ಸಾಮಾನ್ಯವಾಗಿ ಅಂಟುವುದಿಲ್ಲ ನಿಜ. ಆದರೆ ಚಾಕು, ಪಕ್ಕಡಕ್ಕೆ ಬಳಸುವ 420ರಂಥ ಗಡಸು ಸ್ಟೇನ್‌ಲೆಸ್‌ಗೆ ಅದು ಅಂಟಿಯೇ ಅಂಟುತ್ತದೆ. ಅಂಟಿತೆಂದು ಒಳ್ಳೆಯ ಮಾಲನ್ನು ವಾಪಸ್ ಇಡಬೇಡಿ.

ಸ್ಟೇನ್‌ಲೆಸ್ಸೂ ಅಜೇಯವಲ್ಲ. ಪೊಟ್ಯಾಷ್ ಗೊಬ್ಬರ, ಬೆವರು ಎರಡರಲ್ಲೂ ಕ್ಲೋರೈಡ್ ಇದೆ. ಅದು ಪೊರೆಯನ್ನು ಒಡೆದು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಗೊಬ್ಬರದ ಕೆಲಸವಾದ ಮೇಲೆ ಸಾದಾ ನೀರಲ್ಲಿ ತೊಳೆದು, ಒರೆಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಮನೆಯಲ್ಲಿದೆಯೆಂದು ಕುಸುಬಿ ಎಣ್ಣೆ ಮಾತ್ರ ಹಾಕಬೇಡಿ. ಅದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ. ರೊಟ್ಟಿ ಹಂಚನ್ನು ಪಳಗಿಸಲು ಒಳ್ಳೆಯದಾದ ಆ ಗುಣವೇ ಕೀಲನ್ನು ಬಿಗಿಯುತ್ತದೆ.

ಇನ್ನು ನಮ್ಮ ವನದುರ್ಗದ ಹೊಲಗಳ ಮಾತು. ಕರಿ ಬಣ್ಣದ ದೊಡ್ಡ ಗುಣವೆಂದರೆ ಬಿಸಿಲಿಗೆ ಮಿಂಚದಿರುವುದು. ಸೈನಿಕರಿಗೆ ಬೇಕಾದದ್ದೂ ಅದೇ. ಬೋನಾಳ ಕೆರೆಯಲ್ಲಿ ಹಕ್ಕಿ ನೋಡಲು ಹೋಗುವವರು ಕರಿಯದನ್ನೇ ಕೊಳ್ಳಲಿ. ಆದರೆ ಎರೆ ಹೊಲದಲ್ಲಿ ಆ ಗುಣವೇ ದೋಷ. ರಾತ್ರಿ ಕರೆಂಟು ಬಂದಾಗ ಮೋಟರ್ ಹಚ್ಚಲು ಹೋದವರ ಕೈಯಿಂದ ಕರಿ ಮಲ್ಟಿಟೂಲ್ ಜಾರಿ ಹತ್ತಿ ಸಾಲಿನ ಬಿರುಕಿಗೆ ಬಿದ್ದರೆ, ಕರಿ ಮಣ್ಣಲ್ಲಿ ಕರಿ ಉಕ್ಕನ್ನು ಎಲ್ಲಿ ಹುಡುಕುವುದು? ಬಿಳಿಯದಾದರೆ ಬ್ಯಾಟರಿ ಬೆಳಕಿಗೆ ಥಟ್ಟನೆ ಹೊಳೆಯುತ್ತದೆ. ನಮ್ಮ ಹೊಲಗಳಿಗೆ ಬಿಳಿ ಸ್ಟೇನ್‌ಲೆಸ್ಸೇ ಸರಿ, ಉಳಿದ ದುಡ್ಡಿಗೆ ಗಟ್ಟಿ ಚೀಲವೊಂದು ಬರಲಿ.

ಕೊನೆಗೊಂದು ಕಳಕಳಿಯ ಮಾತು. ಕರಿ ಲೇಪ ಕರೆಂಟಿನಿಂದ ಕಾಪಾಡುವುದಿಲ್ಲ. ಮೇನ್ ಸ್ವಿಚ್ ಆರಿಸಿ ಫ್ಯೂಸ್ ಕಿತ್ತಿಡುವ ತನಕ ಯಾವ ಬಣ್ಣದ ಮಲ್ಟಿಟೂಲನ್ನೂ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇಡಬೇಡಿ.