ದ್ರವರೂಪದ ಲವಣಗಳು

ಅಡಿಗೆಯ ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಆದರೆ 1914ರಲ್ಲಿ ಪಾಲ್ ವಾಲ್ಡೆನ್ ಎಂಬ ರಸಾಯನಶಾಸ್ತ್ರಜ್ಞನು ವರ್ಣಿಸಿದ ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಲವಣವು 12 ಡಿಗ್ರಿಯ ಸುಮಾರಿನಲ್ಲಿಯೇ ಕರಗುತ್ತದೆ. ಹೀಗೆ 100 ಡಿಗ್ರಿಗಿಂತ ಕೆಳಗೆ ದ್ರವವಾಗುವ ಲವಣಗಳಿಗೆ ಅಯಾನಿಕ ದ್ರವಗಳೆಂದು ಹೆಸರು. ಇವುಗಳ ಅಯಾನುಗಳು ಸಾಮಾನ್ಯವಾಗಿ ದೊಡ್ಡವೂ ವಿಷಮಾಕಾರದವೂ ಆದುದರಿಂದ, ಗೋಡೆಗೆ ಹೊಂದದ ಕಾಡುಗಲ್ಲುಗಳಂತೆ, ಒತ್ತಾಗಿ ಕೂಡಿ ಸುಲಭವಾಗಿ ಸ್ಫಟಿಕವಾಗಲಾರವು.

ಇಂಥ ದ್ರವಗಳಿಂದ ಔಷಧಗಳನ್ನು ಶುದ್ಧಿಗೊಳಿಸಬಹುದು. ಉದಾಹರಣೆಗೆ ಪ್ಯಾರಾಸಿಟಮಾಲನ್ನೇ ನೋಡೋಣ. ತಣ್ಣೀರಿನಲ್ಲಿ ಅಷ್ಟಾಗಿ ಕರಗದ ಈ ಬಿಳಿಯ ಪುಡಿಯು, ಅಸಿಟೇಟ್ ಅಯಾನುಳ್ಳ ಅಯಾನಿಕ ದ್ರವದಲ್ಲಿ, ಆ ಅಯಾನು ಹೈಡ್ರೊಜನ್ ಬಂಧದಿಂದ ಔಷಧದ ಅಣುವನ್ನು ಬಲವಾಗಿ ಹಿಡಿಯುವುದರಿಂದ, ವಿಪುಲವಾಗಿ ಕರಗುತ್ತದೆ. ಅನಂತರ ನೀರಿನಂಥ ಮತ್ತೊಂದು ದ್ರವವನ್ನು ಬೆರೆಸಿದಾಗ, ಅಸಿಟೇಟ್ ಅದರತ್ತ ತಿರುಗಿ ಔಷಧವನ್ನು ಕೈಬಿಡುವುದರಿಂದ, ಕಲ್ಮಷಗಳು ಬಹುಮಟ್ಟಿಗೆ ದ್ರಾವಣದಲ್ಲಿಯೇ ಉಳಿದು, ಶುಭ್ರವಾದ ಹರಳುಗಳು ಬೇರ್ಪಡುತ್ತವೆ. ಉಷ್ಣಕ್ಕೆ ಕೆಡುವ ಔಷಧಗಳನ್ನು ಕಾಯಿಸದೆಯೇ ಶೋಧಿಸಬಲ್ಲ ಈ ಕ್ರಮವು ನನಗೆ ಅತ್ಯಂತ ಸುಂದರವಾಗಿ ತೋರುತ್ತದೆ.

ಅಯಾನಿಕ ದ್ರವಗಳು ಸುಲಭವಾಗಿ ಆವಿಯಾಗಿ ಹಾರಿಹೋಗವೆಂಬುದು ಗುಣವೇ ಸರಿ. ಆದರೆ ಹರಳಿಗೆ ಅಂಟಿದ ಶೇಷವನ್ನು ಒಣಗಿಸಿ ನೀಗಲು ಆ ಗುಣವೇ ಅಡ್ಡಿ. ಕೆಲವಂತೂ ವಿಷಕಾರಿಗಳು. ತೊಳೆದ ಹರಳಿನಲ್ಲಿ ಶೇಷವೆಷ್ಟೆಂಬುದನ್ನು ಅಳೆದು ತೋರಿಸಿದ ಹೊರತು ಈ ವಿಧಾನಕ್ಕೆ ಔಷಧದ ಕಾರ್ಖಾನೆಯೊಳಗೆ ಪ್ರವೇಶವಿರಕೂಡದು.