ಗಾಳಿಯೂ ಗುರಿಯೂ

ಆಷಾಢಮಾಸದ ಪಡುವಣ ಗಾಳಿಯು ನಂಜನಗೂಡಿನ ಕಪಿಲಾತೀರದಲ್ಲಿ ಎದ್ದಿತೆಂದರೆ ಮುದುಕರ ಛತ್ರಿಗಳು ಮಗುಚಿಕೊಳ್ಳುವುದೂ ಹುಡುಗರ ಗಾಳಿಪಟಗಳು ಮೇಲೇರುವುದೂ ವಾಡಿಕೆ. ಎರಡು ವರ್ಷಗಳ ಹಿಂದೆ ಅಂತಹುದೇ ಒಂದು ದಿನ, ತಿರುಮಕೂಡಲು ನರಸೀಪುರದ ಕಡೆಯ ನಮ್ಮ ಹಳೆಯ ಶಿಷ್ಯನೊಬ್ಬನು ತಾಯಿಯೊಡನೆ ಮನೆಗೆ ಬಂದನು. ಈತನು ಟ್ರ್ಯಾಪ್ ಎಂಬ ಕೋವಿಯ ಪಂದ್ಯದಲ್ಲಿ ಆಸಕ್ತನು. ಗಾಳಿಯ ದಿನ 25 ಬಿಲ್ಲೆಗಳಲ್ಲಿ 11 ಮಾತ್ರ ಒಡೆದಿದ್ದುವಂತೆ. ಚರೆಗಳನ್ನು ಗಾಳಿಯು ಹೊತ್ತೊಯ್ಯುತ್ತದೆ, ಇನ್ನೂ ಬಿರುಸಾದ ಕೋವಿಯೇ ಬೇಕೆಂದು ಅವನ ಹಟ. ಆಕೆ ಕೈಬಳೆಗಳನ್ನು ಮಾರಲು ಸಿದ್ಧಳಾಗಿದ್ದಳು. “ಕೊಡಿಸಲೋ ಬೇಡವೋ, ಮೇಷ್ಟ್ರೇ, ತಾವೇ ಹೇಳಿ” ಎಂದಳು.

ನಾವು ಕೋವಿ ಹಿಡಿದವರಲ್ಲ. ಆದರೂ ಬಳೆಗಳ ಮಾತು ಬಂದುದರಿಂದ ಪಂದ್ಯದ ನಿಯಮಗಳನ್ನು ತರಿಸಿ ಓದಿದೆವು, ಬಲ್ಲವರನ್ನು ಕೇಳಿದೆವು.

ಹಿಂದೆ ಆಂಗ್ಲದೇಶದಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದರು. 1880ರಲ್ಲಿ ಅಮೆರಿಕದ ಲಿಗೋವ್‌ಸ್ಕಿ ಎಂಬಾತನು ಮಣ್ಣಿನ ಬಿಲ್ಲೆಯನ್ನು ರೂಪಿಸಿದನು, ಪಾರಿವಾಳಗಳ ಪುಣ್ಯ! ಇಂದಿನ ಬಿಲ್ಲೆಯ ಅಗಲ 110 ಮಿಲಿಮೀಟರು, ತೂಕ 105 ಗ್ರಾಂ. ಆಟಗಾರನ ಮುಂದೆ 15 ಮೀಟರು ದೂರದ ಕಂದಕದಿಂದ ಅದು ಚಿಮ್ಮಿ, ಯಾವ ದಿಕ್ಕಿಗೆಂದು ಮೊದಲೇ ತಿಳಿಯದಂತೆ ದೂರ ಸರಿಯುತ್ತದೆ. ನಮ್ಮ ದೇಶದ ಕರ್ಣಿ ಸಿಂಗ್ ಮಹಾರಾಜರು 1962ರಲ್ಲಿ ಕೈರೋ ನಗರದ ವಿಶ್ವಪಂದ್ಯದಲ್ಲಿ ಬೆಳ್ಳಿಯ ಪದಕವನ್ನು ಪಡೆದುದು ಈ ಆಟದಲ್ಲಿಯೇ.

ಶಿಷ್ಯನನ್ನು ಕರೆದು, “ಅಪ್ಪಾ, ನಿಮ್ಮ ಕಣದಲ್ಲಿ ಭತ್ತ ತೂರುವುದನ್ನು ಕಂಡಿದ್ದೀಯಷ್ಟೆ? ಬೀಸುವ ಗಾಳಿ ಒಂದೇ. ಕಾಳು ಕಾಲಬುಡದಲ್ಲಿ ಬೀಳುತ್ತದೆ, ಜಳ್ಳು ದೂರ ಹಾರುತ್ತದೆ. ನಿನ್ನ ಚರೆ ಕಾಳು, ಬಿಲ್ಲೆ ಜಳ್ಳು” ಎಂದೆವು. ಸೀಸದ ಚರೆಯು ಕಣ್ಣೆವೆ ಮುಚ್ಚುವುದರೊಳಗೆ ಗುರಿಯನ್ನು ಮುಟ್ಟುತ್ತದೆ. ಸಾಧಾರಣ ಗಾಳಿಗೆ ಅದು ಸರಿಯುವುದು ಗೇಣಿಗಿಂತಲೂ ಕಡಮೆ. ಚರೆಗಳ ಹರವೋ ಒಂದೂವರೆ ಮೊಳದಷ್ಟು. ಅಗಲವಾದ ಹಗುರ ಬಿಲ್ಲೆಯಾದರೋ ಅದಕ್ಕಿಂತ ಹೆಚ್ಚು ಹೊತ್ತು ಗಾಳಿಯ ವಶದಲ್ಲಿರುತ್ತದೆ. ಆದುದರಿಂದ ಕೋವಿಯನ್ನು ಬದಲಿಸುವುದಲ್ಲ, ಬಿಲ್ಲೆಯ ಗತಿಯನ್ನು ಅರಿಯುವುದೇ ಉಪಾಯ.

ಎದುರುಗಾಳಿಯು ಬಿಲ್ಲೆಯ ತಳಕ್ಕೆ ತಾಗಿ ಗಾಳಿಪಟದಂತೆ ಅದನ್ನು ಎತ್ತುತ್ತದೆ. ಆಗ ನಳಿಗೆಯನ್ನು ತುಸು ಮೇಲೆ ಹಿಡಿದು ಕಾಯತಕ್ಕದ್ದು. ಬೆನ್ನಗಾಳಿಯು ಅದನ್ನು ಕೆಳಕ್ಕೆ ಒತ್ತುತ್ತದೆ. ವಾಡಿಕೆಯಂತೆ ಹೊಡೆದರೆ ಚರೆಯು ಅದರ ಮೇಲಿನಿಂದ ಹಾದುಹೋಗುವುದು. ಎಡದಿಂದ ಬೀಸಿದರೆ ಬಲಕ್ಕೆ ಹೋಗುವ ಬಿಲ್ಲೆಗೆ ವೇಗ ಹೆಚ್ಚುವುದರಿಂದ ಮುಂಗುರಿಯೂ ಹೆಚ್ಚಬೇಕು. ಎಡಕ್ಕೆ ಹೋಗುವುದು ಗಾಳಿಗೆ ಎದುರಾಗಿ ಮೇಲೇಳುತ್ತದೆ, ನಿಧಾನವಾಗುತ್ತದೆ. ಪಾದಗಳನ್ನು ಕೊಂಚ ಅಗಲಿಸಿ ಮೈಭಾರವನ್ನು ಮುಂಗಾಲಿಗೆ ಕೊಟ್ಟರೆ ಗಾಳಿಯು ದೇಹವನ್ನು ಅಲುಗಿಸದು. ಗಾಳಿಯು ಬಿಲ್ಲೆಯನ್ನು ಕೆಡಿಸುವ ಮೊದಲೇ, ಬೇಗ ಹೊಡೆಯುವುದು ಎಲ್ಲಕ್ಕಿಂತ ಮೇಲು. ತನ್ನ ಸರದಿಗೆ ಮೊದಲು ಇತರರ ಬಿಲ್ಲೆಗಳು ಹೇಗೆ ಹಾರುತ್ತವೆಂದು ನೋಡಿಕೊಳ್ಳುವುದಕ್ಕೆ ಖರ್ಚಿಲ್ಲ. ಇಷ್ಟನ್ನೂ ಬಾಯಿಪಾಠ ಮಾಡಿ ನಿಂತರೆ ಮಾತ್ರ ಕೆಡಕು. ಕಣ್ಣು ಬಿಲ್ಲೆಯ ಮೇಲೆಯೇ ಇರತಕ್ಕದ್ದು.

ಹೊಸ ಕೋವಿಯನ್ನು ಕೊಳ್ಳಲಿಲ್ಲ. ಮರುವರ್ಷದ ಆಷಾಢದಲ್ಲಿ ಅವನು 18 ಬಿಲ್ಲೆಗಳನ್ನು ಒಡೆದುದಾಗಿ ಬಂದು ತಿಳಿಸಿದನು. ತಪ್ಪಿದ 7ರಲ್ಲಿ 5 ಬೆನ್ನಗಾಳಿಯವಂತೆ; ಕೈಯು ಇನ್ನೂ ನಳಿಗೆಯನ್ನು ಮೇಲಕ್ಕೇ ಎಳೆಯುತ್ತದೆಂದು ಹೇಳಿದನು.